ಬ್ಯಾಟಿಂಗ್ ಸಿಗದವನು ಮನೆಗೆ ಹೋದ ಬಗೆ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕ್ರಿಕೆಟಿಗನೊಬ್ಬ ಅವರ ತಲೆ ಹೊಕ್ಕಿದ್ದ. ತನ್ನ ಕೌಂಟಿ ತಂಡಕ್ಕೆ ಅವನು ಆಡಿದ್ದು ಒಂದೇ ಪಂದ್ಯ. ಮಳೆ ಬಂದು ಬ್ಯಾಟಿಂಗ್ ಸಿಗಲಿಲ್ಲ. ಮತ್ತೆ ಯಾರೂ ಕರೆಯಲಿಲ್ಲ. ಲಿಫ್ಟಿಗೆ ಕಾಯುವಾಗಲೂ ಇವರದು ಅದೇ ಪ್ರಶ್ನೆ: "ಅವತ್ತು ಅವ ಮನೀಗೆ ಹೆಂಗ ಹೋಗಿರಬೇಕ್ರಿ?"

ನವರಾತ್ರಿಗೆ ಮುಂಚಿನ ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಕ್ರಿಕೆಟ್ ಪಂದ್ಯಕ್ಕೆ ಒಬ್ಬರು ಕಡಿಮೆಯಾದರು. ಸದಾ ಅಂಪೈರಾಗುತ್ತಿದ್ದ ಇವರನ್ನೇ ಕೊನೆಯ ಬ್ಯಾಟ್ಸ್‌ಮನ್ ಮಾಡಿದೆವು. ಮಧ್ಯಾಹ್ನವೆಲ್ಲ ಪ್ಯಾಡ್ ಕಟ್ಟಿಕೊಂಡು ಕುಳಿತರು. ಇನ್ನೇನು ಸರದಿ ಬಂತು ಎನ್ನುವಾಗ ಗರ್ಬಾ ಪೆಂಡಾಲಿನವರು ಬಂದು, "ಚಲೋ ಭಾಯ್, ಖಾಲಿ ಕರೋ" ಎಂದು ಪಿಚ್ಚಿನ ಮೇಲೇ ಕಂಬ ಇಳಿಸಿದರು.

ಇವರು ಬ್ಯಾಟು ಬಗಲಿಗಿಟ್ಟು, ಪ್ಯಾಡ್ ಬಿಚ್ಚದೆ, ಲಿಫ್ಟು ಬಿಟ್ಟು ಮೆಟ್ಟಿಲ ಕಡೆ ನಿಧಾನ ನಡೆದರು.

"ಸಾರಿ ಸರ್" ಎಂದೆ.

"ಈಗ ಮಾತಾಡಸಬ್ಯಾಡ್ರಿ," ಎಂದರು. "ಅವ ಮನೀಗೆ ಹೊಂಟಾನ."