ಮೊಣಕಾಲು ಮಡಚಿಸಿದ ಸುಮಿತ್ರಾ ಮೇಡಂ

ರೋಗಿ ಚೀರಿದಷ್ಟೂ ಸುಮಿತ್ರಾ ಮೇಡಂ ಮುಖ ಅರಳುತ್ತಿತ್ತು. ಹಾನಗಲ್ಲಿನ ಅವರ ಎರಡು ಕೋಣೆಯ ಫಿಸಿಯೋಥೆರಪಿ ಕ್ಲಿನಿಕ್ಕಿನಿಂದ ಕೂಗು ಕೇಳಿದರೆ ಎದುರಿನ ಚಹಾದಂಗಡಿಯವನು, “ಇವತ್ತ ಯಾರ ಪಾಳಿ?” ಎನ್ನುತ್ತಿದ್ದ. ಗಿಡ್ಡ ದೇಹ, ದಪ್ಪ ಕನ್ನಡಕ, ರೊಟ್ಟಿ ಬಡಿದು ಗಟ್ಟಿಯಾದಂಥ ಅಂಗೈ. ಅದು ಮೊಣಕಾಲ ಮೇಲೆ ಬಿದ್ದರೆ ಎಂಥ ಗಂಡಸಿಗೂ ತನ್ನ ಅವ್ವ ನೆನಪಾಗುತ್ತಿದ್ದಳು.

ನಾನು ತಿಳವಳ್ಳಿ ಕಡೆಯ ಪ್ರೌಢಶಾಲೆಯೊಂದರ ಗಣಿತದ ಮಾಸ್ತರ. ರಸ್ತೆಯ ಮೇಲೆ ಒಣಹಾಕಿದ್ದ ಗೋವಿನಜೋಳದಲ್ಲಿ ಸ್ಕೂಟರ್ ಜಾರಿ ಬಲ ಮೊಣಕಾಲ ಚಿಪ್ಪು ಒಡೆದಿತ್ತು. ಆಪರೇಶನ್ ಆಗಿ ಪಟ್ಟಿ ಬಿಚ್ಚಿದಾಗ ಕಾಲು ಒನಕೆಯಂತೆ ಸೆಟೆದಿತ್ತು. ತಿಂಗಳೊಳಗೆ ತೊಂಬತ್ತು ಡಿಗ್ರಿ ಮಡಚದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು.

ಮೊಬೈಲಿನಲ್ಲಿ ಓದಿಕೊಂಡು ಹೋಗಿದ್ದ ನಾನು ಮೊದಲ ದಿನವೇ ಮೊಣಕಾಲಿನ ರಚನೆಯ ಬಗ್ಗೆ ಮೇಡಂಗೇ ಪಾಠ ಶುರುಮಾಡಿದೆ. ಅವರು ಕೋನ ಅಳೆಯುವ ಪಟ್ಟಿ ಹಿಡಿದು ನೋಡಿ, “ಮೂವತ್ತ ಡಿಗ್ರಿ. ನೀವು ಬಾಯಿ ಮುಚ್ಚಿದ್ರ ಕಾಲು ಮಡಚತೈತಿ ನೋಡ್ರಿ ಸರ” ಎಂದರು.

ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಕಾಲನ್ನು ಮೈಯತ್ತ ಎಳೆದುಕೊಳ್ಳುವುದು, ಸುತ್ತಿದ ಟವೆಲ್ಲನ್ನು ಮೊಣಕಾಲಿನಿಂದ ಒತ್ತುವುದು: ಇವನ್ನು ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಮಾಡಬೇಕೆಂದರು. ನಾನು ನೋವಿಗೆ ಅಂಜಿ ಟಿವಿ ನೋಡುತ್ತ ಕೂತಿರುತ್ತಿದ್ದೆ. ವಾರದ ನಂತರ ಹೋಗಿ, “ತಪ್ಪದಂಗ ಮಾಡಾಕತ್ತೇನ್ರಿ” ಎಂದೆ. ಅಳೆದರೆ ಅದೇ ಮೂವತ್ತು.

“ಬಾಯಿ ಸುಳ್ಳು ಹೇಳತೈತ್ರಿ ಸರ, ಮೊಣಕಾಲಿಗೆ ಇನ್ನೂ ಆ ವಿದ್ಯಾ ಬಂದಿಲ್ಲ” ಎಂದವರೇ ನನ್ನ ಹೆಂಡತಿಗೆ ಫೋನ್ ಹಚ್ಚಿದರು. ಅಂದಿನಿಂದ ಅವಳು ಎದುರಿಗೆ ಕುಳಿತು ಎಣಿಸತೊಡಗಿದಳು. ಗಣಿತದ ಮಾಸ್ತರನ ಲೆಕ್ಕದಲ್ಲಿ ಹತ್ತಾದರೆ ಅವಳ ಲೆಕ್ಕದಲ್ಲಿ ಏಳು.

ಒಮ್ಮೆ ಸವಣೂರಿನ ಗುತ್ತಿಗೆದಾರನೊಬ್ಬ ಮೊಣಕಾಲು ಮಡಚುತ್ತಿಲ್ಲವೆಂದು ನಾಲ್ಕು ಮಂದಿಯನ್ನು ಹಿಂದಿಟ್ಟುಕೊಂಡು ಬಂದ. “ಕಸರತ್ತು ಬ್ಯಾಡ್ರಿ, ಆ ಕರೆಂಟಿನ ಮಷಿನ್ ಹಚ್ಚಿಬಿಡ್ರಿ” ಎಂದ.

“ಆಗ್ಲಿ ಸಾಹುಕಾರ್ರ, ನೀವು ಆರಾಮ ಕುಂದರ್ರಿ” ಎಂದು ಮೇಡಂ ಆ ನಾಲ್ವರನ್ನೂ ಚಾಪೆಯ ಮೇಲೆ ಮಲಗಿಸಿ ಕಾಲು ಮಡಚಿಸಿದರು. ಅವರು ಬೆವರಿದ ಮೇಲೆ, “ಇವ್ರ ಕಾಲೆಲ್ಲ ಮಡಚಿದ್ವು. ನಿಮ್ಮದು ಏನಂತೈತ್ರಿ?” ಎಂದರು. ಸಾಹುಕಾರ ತಾನೇ ಚಾಪೆಗೆ ಇಳಿದ. ನಾನು ನಕ್ಕೆ. ನಕ್ಕ ತಪ್ಪಿಗೆ ಆ ದಿನ ನನಗೆ ಹತ್ತು ಸಲ ಹೆಚ್ಚು.

ನಾಲ್ಕನೆಯ ವಾರ ನನ್ನನ್ನು ಬೋರಲು ಮಲಗಿಸಿ ಕಾಲು ಒತ್ತಿದಾಗ ಅತ್ತೇಬಿಟ್ಟೆ. ಮೇಡಂ ನಗಲಿಲ್ಲ, ಗದರಲಿಲ್ಲ, ಕೈಯನ್ನೂ ಬಿಡಲಿಲ್ಲ. “ಉಸಿರು ಬಿಡ್ರಿ” ಎಂದರು ಮೆಲ್ಲಗೆ. “ನನ್ನ ಮಗಳ ಕಾಲೂ ಹಿಂಗ ಇತ್ತು. ಅಳಾಕತ್ತಾಳಂತ ನಾನು ಬಿಟ್ಟುಬಿಟ್ಟೆ. ಆಕಿ ಇವತ್ತಿಗೂ ಕುಂಟತಾಳ.”

ನಾನು ಉದ್ದಕ್ಕೆ ಉಸಿರು ಬಿಟ್ಟೆ. ಅವರು ಪಟ್ಟಿ ಹಿಡಿದರು. “ತೊಂಬತ್ತೆರಡು! ಇನ್ನ ಲಂಬಕೋನ ಅಂದ್ರೇನಂತ ಹುಡುಗರಿಗೆ ಕಾಲು ಮಡಚೇ ತೋರಿಸ್ರಿ.”

ಮರುವರ್ಷ ಅವರು ಕ್ಲಿನಿಕ್ ಮುಚ್ಚಿ ಊರು ಬಿಟ್ಟರು. ಕೊನೆಯ ಸಲ ಕಂಡದ್ದು ಶಿಗ್ಗಾವಿ ಬಸ್‌ನಿಲ್ದಾಣದಲ್ಲಿ. ನಾನು ನಮಸ್ಕಾರ ಮಾಡಿ, ಆರಾಮ ವಿಚಾರಿಸಿ, ಹಾನಗಲ್ಲಿನ ಬಸ್ಸು ಹತ್ತುತ್ತಿದ್ದೆ.

“ಸರ! ಎಡಗಾಲು ಯಾಕ ಮೊದಲ? ಬಲಗಾಲಿಗೆ ಇನ್ನೂ ರಜಾ ಕೊಟ್ಟೀರೇನ್ರಿ?”

ಬಸ್ಸಿನವರೆಲ್ಲ ನನ್ನ ಕಾಲು ನೋಡಿದರು. ಕಂಡಕ್ಟರ್ ಬೈಯುತ್ತಿದ್ದಂತೆಯೇ ಕೆಳಗಿಳಿದು, ಬಲಗಾಲಿಟ್ಟು ಮತ್ತೆ ಹತ್ತಿದೆ. ನೋಡಿದಿರಾ ಎನ್ನಲು ತಿರುಗಿದರೆ ಮೇಡಂ ಆಗಲೇ ಜನರ ನಡುವೆ ಹೊರಟುಹೋಗಿದ್ದರು.