ಕನ್ನಡಕವನ್ನು ನಾನೇ ಸರಿಸಿದೆ

ಒಪ್ಪಿಕೊಂಡೇ ಶುರುಮಾಡುತ್ತೇನೆ: ಆ ಕನ್ನಡಕವನ್ನು ನಾನೇ ಸರಿಸಿದೆ. ಗಾಳಿಯಲ್ಲ, ಬೆಕ್ಕಲ್ಲ, ನನ್ನದೇ ಬಲಗೈ. ಸರಿಸಿದ್ದು ಹೆಚ್ಚೆಂದರೆ ಒಂದು ಗೇಣು. ಅಷ್ಟಕ್ಕೇ ಒಮಾನಿನ ಸೂರ್ ಪಟ್ಟಣದ ನಮ್ಮ ಫೋಟೋ ಬಳಗದಲ್ಲಿ ನನ್ನ ವಿಚಾರಣೆ ನಡೆದುಹೋಯಿತು.

ನಡೆದದ್ದಿಷ್ಟು. ಸೂರಿನ ಕಡಲ ದಂಡೆಯಲ್ಲಿ ಮರದ ಹಡಗು ಕಟ್ಟುವ ಅಂಗಳವಿದೆ. ಒಂದು ಶುಕ್ರವಾರ ಬೆಳಿಗ್ಗೆ ಕ್ಯಾಮರಾ ಹಿಡಿದು ಅಲ್ಲಿಗೆ ಹೋಗಿದ್ದೆ. ಒಂದು ಹಲಗೆಯ ಮೇಲೆ ಬಾಚಿ, ಹಲಗೆಗಳ ಸಂದಿಗೆ ತುಂಬಲು ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಉಂಡೆ, ಕಹ್ವಾ ಎಂಬ ಅರಬ್ಬಿ ಕಾಫಿ ಕುಡಿದಿಟ್ಟ ಪುಟ್ಟ ಬಟ್ಟಲು. ಎಲ್ಲದರ ಮೇಲೂ ಚಂದದ ಎಳೆಬಿಸಿಲು. ಅವುಗಳ ಒಡೆಯನ ಕನ್ನಡಕ ಮಾತ್ರ ಡಬ್ಬಿಯೊಂದರ ಹಿಂದೆ, ಕತ್ತಲಲ್ಲಿ. ಅದರ ಒಂದು ಕಾಲು ಮುರಿದುಹೋಗಿ, ಕಿವಿಗೆ ಸುತ್ತಿಕೊಳ್ಳಲು ದಾರ ಕಟ್ಟಿದ್ದರು. ಇಂಥ ಕನ್ನಡಕ ಕತ್ತಲಲ್ಲಿರುವುದು ನನ್ನಿಂದ ನೋಡಲಾಗಲಿಲ್ಲ. ಎತ್ತಿ ಬಟ್ಟಲಿನ ಪಕ್ಕ ಇಟ್ಟೆ, ಕ್ಲಿಕ್ಕಿಸಿದೆ. ಕಾರಿನಲ್ಲಿ ಕಾಯುತ್ತಿದ್ದ ನನ್ನ ಗಂಡ ರೋನಿ ಹಾರ್ನ್ ಹೊಡೆದು, "ಖಲಾಸಾ? ಯಲ್ಲಾ!" ಎಂದರು. ಮೂವತ್ತು ವರ್ಷ ಗಲ್ಫಿನಲ್ಲಿದ್ದವರು ಹೆಂಡತಿಯನ್ನು ಅವಸರಪಡಿಸುವುದು ಅರಬ್ಬಿಯಲ್ಲೇ.

ಹನ್ನೊಂದು ವರ್ಷಗಳಿಂದ ನಾನು ಈ ಬಳಗದ ಸದಸ್ಯೆ. ವರ್ಷಕ್ಕೊಮ್ಮೆ ಪ್ರದರ್ಶನ ನಡೆಯುತ್ತದೆ, ಗೋಡೆಯ ಮೇಲೆ ಹದಿನೈದು ಚಿತ್ರ ತೂಗುತ್ತವೆ. ನನ್ನದು ಒಮ್ಮೆಯೂ ತೂಗಿಲ್ಲ. ಪ್ರತಿ ವರ್ಷ ಸಮೋಸಾ ಹಂಚುವ ಕೆಲಸ ಮಾತ್ರ ನನಗೇ. ಈ ಸಲ ಕನ್ನಡಕ ಆಯ್ಕೆಯಾದಾಗ ನಾನು ನಾಚಿಕೆಯಿಲ್ಲದೆ ಕುಣಿದೆ, ಶಿರ್ವದ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಮರುದಿನ ಬಳಗದ ಅಧ್ಯಕ್ಷರಾದ ಪಾಟೀಲರು ಒಂದು ಹಾಳೆ ತಂದರು. ಬಾಗಲಕೋಟೆ ಕಡೆಯವರು, ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರು, ಸಜ್ಜನರು.

"ಮೇಡಮ್ಮಾರ, ಫೋಟೋ ಭಾಳ ಛಲೋ ಬಂದೈತ್ರಿ. ಇಲ್ಲೊಂದು ಸಹಿ ಹಾಕಿಬಿಡ್ರಿ."

ಹಾಳೆಯಲ್ಲಿ ಒಂದೇ ಸಾಲು: 'ಚಿತ್ರದಲ್ಲಿರುವ ಯಾವ ವಸ್ತುವನ್ನೂ ನಾನು ಮುಟ್ಟಿಲ್ಲ.'

"ನಾನು ಮುಟ್ಟಿದ್ದೇನಲ್ಲ ಮಾರಾಯ್ರೆ! ಮುಟ್ಟಿಲ್ಲ ಅಂತ ಹೇಗೆ ಸಹಿ ಹಾಕುವುದು?"

ಪಾಟೀಲರ ಮುಖ ಬಾಡಿತು. "ಮುಟ್ಟಿದ್ರ ಅದು ಸಿಕ್ಕಿದ್ದಲ್ರಿ, ಇಟ್ಟಿದ್ದು. ಅದು ಫೋಟೋ ಅಲ್ರಿ, ಡೆಕೋರೇಷನ್ನು."

ಡೆಕೋರೇಷನ್! ಆ ಮಾತು ನನಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಸಿಕ್ಕಿದ್ದು ಅಂದರೇನು ಸ್ವಾಮಿ? ಏನಾದರೂ ಕಳೆದುಹೋಗಿತ್ತೇ? ನಾವು ಸಿಕ್ಕಿತು ಎಂದು ಕೂಗುವ ವಸ್ತುವನ್ನು ನಮಗಿಂತ ಮೊದಲೇ ಯಾರೋ ಒಬ್ಬರು ಅಲ್ಲಿ ಇಟ್ಟಿರುತ್ತಾರೆ. ಅವರಿಟ್ಟರೆ ಸತ್ಯ, ನಾನಿಟ್ಟರೆ ಸುಳ್ಳೇ? ಕಸದ ಡಬ್ಬಿ ಕಾಣಬಾರದೆಂದು ನಾವೆಲ್ಲ ಎರಡು ಹೆಜ್ಜೆ ಎಡಕ್ಕೆ ಸರಿಯುತ್ತೇವೆ. ಡಬ್ಬಿಯನ್ನು ಸರಿಸಿದರೆ ಪಾಪ, ನಮ್ಮ ದೇಹವನ್ನು ಸರಿಸಿದರೆ ಕಲೆ. ಈ ನ್ಯಾಯ ನನಗೆ ಅರ್ಥವಾಗುವುದಿಲ್ಲ. ಹಣ್ಣಿನ ಬುಟ್ಟಿ ಬರೆದ ಹಳೆಯ ಚಿತ್ರಕಾರರು ದ್ರಾಕ್ಷಿ ತಾನಾಗಿ ಬಂದು ಸೇಬಿಗೆ ಒರಗಲಿ ಎಂದು ಕಾದು ಕೂತಿದ್ದರೇ?

ಇನ್ನು ಪಾಟೀಲರ ಪ್ರಸಿದ್ಧ ಚಿತ್ರದ ಕಥೆ ಕೇಳಿ. ನಿಜ್ವಾ ಎಂಬ ಊರಿನ ಕೋಟೆಯ ಕಿಟಕಿ, ಅದರಲ್ಲಿ ಸಾಲಾಗಿ ಐದು ಪಾರಿವಾಳ. ನೋಡಿದವರೆಲ್ಲ ಎಂಥ ತಾಳ್ಮೆ ಅಂದರು. ಆ ಪ್ರವಾಸದಲ್ಲಿ ನಾನೂ ಇದ್ದೆ. ಪಾರಿವಾಳ ಬಂದದ್ದು ತಾಳ್ಮೆಗಲ್ಲ, ಪಾಟೀಲರು ಕಿಟಕಿಯಲ್ಲಿ ಸುರಿದ ಒಂದು ಹಿಡಿ ಚುರುಮುರಿಗೆ. ಇದನ್ನು ನೆನಪಿಸಿದಾಗ ಅವರು ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಪಾರಿವಾಳಕ್ಕ ನಾ ಕೈ ಹಚ್ಚಿಲ್ರಿ!"

ನನ್ನ ಕೈಯ ಚಟಕ್ಕೆ ಕಾರಣ ಅಮ್ಮ. ಕ್ರಿಸ್ಮಸ್ಸಿಗೆ ನಮ್ಮ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟುವಾಗ ಅವಳು ಮೂವರು ಅರಸರ ಬೊಂಬೆಗಳನ್ನು ಬಾಲಯೇಸುವಿನ ಹತ್ತಿರ ಇಡುತ್ತಿರಲಿಲ್ಲ. "ಅವರು ದೂರದಿಂದ ಬರಬೇಕಲ್ಲ, ಮಗಾ" ಎಂದು ರೇಡಿಯೊ ಇಟ್ಟ ಮೇಜಿನ ಮೇಲೆ ಇಡುತ್ತಿದ್ದಳು. ದಿನಕ್ಕೊಂದು ಗೇಣು ಸರಿಸುವುದು ನನ್ನ ಪಾಲಿನ ಕೆಲಸ. ಜನವರಿ ಆರಕ್ಕೆ, ಅರಸರ ಹಬ್ಬಕ್ಕೆ ಸರಿಯಾಗಿ, ಅವರು ಗೋದಲಿ ತಲುಪುತ್ತಿದ್ದರು. ಅವರಲ್ಲೊಬ್ಬನ ಕೈಯಲ್ಲಿದ್ದ ಧೂಪ ಬಹುಶಃ ಈ ಒಮಾನಿನದೇ. ಒಂದು ವಸ್ತುವನ್ನು ಪ್ರೀತಿಯಿಂದ ಒಂದು ಗೇಣು ಸರಿಸಿದರೆ ಅದು ಮಾತಾಡತೊಡಗುತ್ತದೆ ಎಂದು ನಾನು ಕಲಿತದ್ದು ಅಲ್ಲಿ. ಈಗ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿ ದಿನಕ್ಕೆ ಹತ್ತು ಸಲ ಕುರ್ಚಿ ಸರಿಸುತ್ತೇನೆ. ಹಲ್ಲುನೋವಿನವರು ಒಬ್ಬರೂ ಅದನ್ನು ಡೆಕೋರೇಷನ್ ಎಂದಿಲ್ಲ.

ಹಾಗೆಂದು ಎಲ್ಲವನ್ನೂ ಮುಟ್ಟಬಹುದು ಎನ್ನುವಷ್ಟು ಹುಂಬಳಲ್ಲ ನಾನು. ಅಪಘಾತದ ಜಾಗದಲ್ಲಿ, ನೆರೆ ಬಂದ ಮನೆಯಲ್ಲಿ ಕ್ಯಾಮರಾ ಸಾಕ್ಷಿ ಹೇಳಲು ನಿಂತಿರುತ್ತದೆ. ಅಲ್ಲಿ ಚಪ್ಪಲಿಯನ್ನು ಸರಿಸಿದರೂ ಅದು ಕಳ್ಳಸಾಕ್ಷಿ. ಆದರೆ ನನ್ನ ಬಟ್ಟಲು, ಕನ್ನಡಕ ಯಾವ ಕೋರ್ಟಿಗೂ ಹೊರಟಿರಲಿಲ್ಲ.

ಇಷ್ಟೆಲ್ಲ ವಾದಿಸುವಾಗ ಒಂದು ಸಂಗತಿಯನ್ನು ಮಾತ್ರ ಪಾಟೀಲರಿಗೆ ಹೇಳದೆ ನುಂಗಿಕೊಂಡಿದ್ದೆ. ಆ ದಿನ ಫೋಟೋ ತೆಗೆದು ನಾನು ಕಾರಿನತ್ತ ನಡೆದಾಗ ಹಿಂದಿನಿಂದ ಕೂಗು ಕೇಳಿತು: "ಮೇರಾ ಚಶ್ಮಾ ಕಿಧರ್ ಗಯಾ?" ತಿರುಗಿದರೆ ಕೇರಳದ ಮೊಯ್ದು ಮೇಸ್ತ್ರಿ, ಎಪ್ಪತ್ತರ ಹತ್ತಿರದವರು, ಡಬ್ಬಿಯ ಹಿಂದೆ ತಡಕಾಡುತ್ತಿದ್ದರು. ಪಕ್ಕದಲ್ಲೇ ಬಾಚಿಯ ಅಲಗು. ಓಡಿಹೋಗಿ ಕನ್ನಡಕ ಕೈಗಿತ್ತೆ. ನಾಚಿಕೆಯಿಂದ ಸತ್ತೇಹೋದೆ. ಅವರು ದಾರವನ್ನು ಕಿವಿಗೆ ಸುತ್ತಿಕೊಂಡು ನನ್ನನ್ನು ದಿಟ್ಟಿಸಿದರು. "ಫೋಟೋ ಲಿಯಾ? ಅಚ್ಛಾ ಕಿಯಾ. ಲೇಕಿನ್ ವಾಪಸ್ ರಖ್ನಾ, ಮೇಡಂ" ಎಂದರು. ಅಷ್ಟೇ.

ಹಾಳೆ ಕೈಗೆ ಬಂದ ದಿನ ರಾತ್ರಿಯೆಲ್ಲ ಯೋಚಿಸಬೇಕಾದ ಅಗತ್ಯವೇನೂ ಬೀಳಲಿಲ್ಲ. ಊಟದ ಮೇಜಿನ ಮೇಲೇ ಪಾಟೀಲರ ಹಾಳೆ ತೆಗೆದು, ಆ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದೆ: 'ಮುಟ್ಟಿದ್ದೇನೆ. ಮುಟ್ಟಿದ್ದು ತಪ್ಪಲ್ಲ. ತಿರುಗಿ ಇದ್ದಲ್ಲಿ ಇಡದೆ ಹೋದದ್ದು ತಪ್ಪು.' ಸಹಿ ಹಾಕಿದೆ. ರೋನಿ ಓದಿ, "ಈ ಸಲವೂ ಸಮೋಸಾವೇ ಹಾಗಾದರೆ" ಎಂದರು. ಹೌದು, ಸಮೋಸಾವೇ. ಗೋಡೆಯ ಮೇಲೆ ಹದಿನಾಲ್ಕು ಚಿತ್ರ ತೂಗಿದವು, ಒಂದು ಮೊಳೆ ಖಾಲಿ ಉಳಿಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಅದು ಸುಳ್ಳು. ತಟ್ಟೆ ಹಿಡಿದು ಆ ಮೊಳೆಯ ಮುಂದೆ ಮೂರು ಸಲ ಹಾದುಹೋದೆ.

ಮುಂದಿನ ಶುಕ್ರವಾರ ಚಿತ್ರದ ದೊಡ್ಡ ಪ್ರತಿಯೊಂದನ್ನು ಮೊಯ್ದು ಮೇಸ್ತ್ರಿಗೆ ಕೊಟ್ಟುಬಂದೆ. ಅದಾದ ಮೇಲಿನ ವಾರ ನೋಡಿದರೆ ಅವರ ಶೆಡ್ಡಿನ ಗೋಡೆಯಲ್ಲಿ, ಗರಗಸಗಳ ನಡುವೆ, ಅದು ತೂಗುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ನನಗೆ ದಕ್ಕಿದ ಮೊದಲ ಗೋಡೆ. ಕಣ್ಣು ತುಂಬಿತು. ಆದರೇನು, ಚಿತ್ರ ಬಲಕ್ಕೆ ಒಂದಿಷ್ಟು ವಾಲಿತ್ತು! ನನ್ನ ಕೈ ಆಗಲೇ ಮೇಲೆದ್ದಿತ್ತು. ನಡುವೆ ತಡೆದು, ಹಿಂದೆ ತಿರುಗಿ ಕೇಳಿದೆ: "ಮೇಸ್ತ್ರಿ, ಥೋಡಾ ಸೀಧಾ ಕರೂಂ?"

ನನ್ನ ಕೈ ಸುಮ್ಮನೆ ಕೂರದೆಂದು ಮೇಸ್ತ್ರಿ ಬಾಚಿಯಿಂದ ತಲೆಯೆತ್ತದೆ ನಕ್ಕರು. "ಕರೋ, ಕರೋ. ಆಪ್ ಕಾ ಹಾಥ್ ಚುಪ್ ನಹೀಂ ಬೈಠೇಗಾ."

ಕೇಳಿದ್ದೆ, ಒಡೆಯರು ಒಪ್ಪಿದ್ದರು. ಸರಿ ಮಾಡಿಯೇ ಬಂದೆ.