ಒಣಹುಲ್ಲಿನ ಬಣ್ಣ ದಾಟಿದ ಉಳಿ

ಮುತ್ತಯ್ಯ, ಕೆಂಚಮ್ಮ — ನಿಮ್ಮ ತಾತನ ಕೈ ಕೆಟ್ಟಿರಲಿಲ್ಲ. ಕೆಟ್ಟಿತೆಂದು ಅವರು ಸಾಯುವತನಕ ನಂಬುವಂತೆ ಮಾಡಿದವಳು ನಾನು. ಅವರು ಹದಕೊಟ್ಟ ಉಳಿಯನ್ನು ಬೇಕೆಂದೇ ಮೆತ್ತಗಾಗಲು ಬಿಟ್ಟೆ. ಒಂದು ಸಲವಲ್ಲ, ಎರಡು ಸಲ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ, ಮುತ್ತಯ್ಯ, ದಿಂಡಿಗಲ್ಲಿಗೆ ಹೋಗಿ ಲೇತ್ ಕೆಲಸ ಕಲಿಯುತ್ತೇನೆಂದು ನೀನು ಅಂದಾಗ ನಿನ್ನ ಅಪ್ಪ ನಕ್ಕನಲ್ಲ — "ನಮ್ ವಂಶಕ್ ಉಕ್ಕು ಒಗ್ಗಲ್ಲ ಕಣ್ಲಾ. ನಿಮ್ ತಾತ ಮಾನ ಕಳ್ಕೊಂಡ್ ಬಂದಿದ್ ಸಾಲ್ದಾ?" ನೀನು ತಲೆ ತಗ್ಗಿಸಿ ಎದ್ದುಹೋದೆ. ನಾನು ಬಾಗಿಲ ಹಿಂದೆ ಹುಣಸೆ ಬಿಡಿಸುತ್ತಾ ಕೂತಿದ್ದೆ. ಆಗಲೂ ಎದ್ದು ಬರಲಿಲ್ಲ.

ನಮ್ಮೂರು ಗೂಡಲೂರಿನ ಮೇಲಿನ ಬೆಟ್ಟದಲ್ಲಿ ದೊಡ್ಡ ಅಣೆಕಟ್ಟು ಏಳುತ್ತಿದ್ದ ಕಾಲವದು. ನೇಗಿಲು ಹಿಡಿದಿದ್ದ ನಿಮ್ಮ ತಾತ ಅಲ್ಲಿಗೆ ಕೂಲಿಗೆ ಹೋಗಿ, ಬಂಡೆ ಕೊರೆಯುವ ಉಳಿಗಳಿಗೆ ಹದ ಕೊಡುವುದನ್ನು ಕಲಿತರು. ಅಲ್ಲೇ ಒಂದು ಕಿಡಿ ಹಾರಿ ಬಲಗಣ್ಣು ಹೋಯಿತು. ಎಡಗಣ್ಣಿಗೆ ಆಕಾರ ಕಾಣುತ್ತಿತ್ತು, ಆದರೆ ಬಣ್ಣಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಆಮೇಲೆ ದಿಂಡಿಗಲ್ಲಿನ ಒಂದು ಬೀಗದ ಪಟ್ಟರೆಯಲ್ಲಿ — ಕಾರ್ಖಾನೆಗೆ ಅಲ್ಲಿ ಹಾಗೆನ್ನುತ್ತಾರೆ — ಅರ, ಉಳಿ ಮಾಡಿಕೊಡುವ ಕೆಲಸ ಸಿಕ್ಕಿತು.

ಉಕ್ಕನ್ನು ಕೆಂಪಗೆ ಕಾಯಿಸಿ ತುದಿಯನ್ನು ನೀರಿಗದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಹಾಗಾಗಿ ತುದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಹಿಂಬದಿಯ ಕಾವು ಮೆಲ್ಲಗೆ ಮುಂದಕ್ಕೆ ಹರಿಯಲು ಬಿಡಬೇಕು. ಆಗ ಬೆಳ್ಳಗಾದ ಜಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲು, ಆಮೇಲೆ ಬೆಲ್ಲ, ಬದನೆ, ಕೊನೆಗೆ ನವಿಲುಕೊರಳು. ಕಬ್ಬಿಣ ಕಡೆಯುವ ಉಳಿಯನ್ನು ಹುಲ್ಲಿನ ಬಣ್ಣದಲ್ಲೇ ಮತ್ತೆ ನೀರಿಗೆ ಮುಳುಗಿಸಬೇಕು. ಒಂದು ಉಸಿರು ತಡವಾದರೆ ಬಾಯಿ ಮೆತ್ತಗಾಯಿತು.

ತಿದಿ ಒತ್ತುವ ನೆಪದಲ್ಲಿ ನಾನು ಪಕ್ಕದಲ್ಲಿ ಕೂತು ಬಣ್ಣ ಹೇಳುತ್ತಿದ್ದೆ, ನಮ್ಮ ಮನೆಮಾತಾದ ಕನ್ನಡದಲ್ಲಿ. ಪಟ್ಟರೆಯವರೆಲ್ಲ ತಮಿಳರು. "ಮೇಸ್ತ್ರಿಗೆ ಮನೇಲ್ ಮುದ್ದಾಡೋಕೆ ಹೊತ್ ಸಾಲ್ದು, ಒಲೆ ಮುಂದೇನೂ ಬೇಕು" ಎಂದು ತಮಿಳಿನಲ್ಲಿ ನಗುತ್ತಿದ್ದರು. ನಾಚಿಕೆಯಿಂದ ನನ್ನ ಮುಖ ಕುಲುಮೆಗಿಂತ ಬಿಸಿಯಾಗುತ್ತಿತ್ತು.

ಅಣೆಕಟ್ಟು ಮುಗಿಯುತ್ತ ಬಂದ ವರ್ಷ ಮೊದಲಾಳಿ, ಅಂದರೆ ಪಟ್ಟರೆಯ ಒಡೆಯ, ಒಂದು ಲೇತ್ ತರಿಸಿದ. ಒಬ್ಬ ದೊಡ್ಡ ಚಕ್ರ ತಿರುಗಿಸಬೇಕು, ಇನ್ನೊಬ್ಬ ಉಳಿ ಹಿಡಿದು ಬೀಗದ ಕೈಯ ಕಾಂಡ ಕಡೆಯಬೇಕು. ಜತೆಗೆ ಬಂದ ಉಳಿಗಳು ಸವೆದುಹೋದವು. "ನೀನ್ ಮಾಡಿದ್ ಉಳಿ ನಿಂತ್ರೆ, ಮೇಸ್ತ್ರಿ, ಪಟ್ಟರೆ ನಿನ್ ಕೈಗೆ. ಹಿಂದಿನ ಮನೇನೂ ನಿಂಗೇ. ಊರಿನ ಆಸೆ ಬಿಟ್ಬಿಡು" ಎಂದ. ನಿಮ್ಮ ತಾತನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೋ — ಊರಿನ ಆಸೆ ಬಿಡಬೇಕೆಂಬ ಮಾತೊಂದೇ ಕಿವಿಯಲ್ಲಿ ಉಳಿಯಿತು. ತೊಗಲು ಹದಮಾಡುವ ತೊಟ್ಟಿಗಳ ನಾತ, ನಮ್ಮ ಮಾತಾಡುವ ಒಂದು ಹೆಣ್ಣುಜೀವವಿಲ್ಲದ ಬೀದಿ. ಆ ವಾರವೇ ನನ್ನ ಅಣ್ಣ ಗೂಡಲೂರಿನಿಂದ ಬಂದು, ಬೆಟ್ಟದ ನೀರು ಕಣಿವೆಗೆ ಇಳಿಯಲಿದೆ, ನಮ್ಮ ಹೊಲ ಗದ್ದೆಯಾಗುತ್ತದೆ ಎಂದು ಹೇಳಿಹೋಗಿದ್ದ.

ಹದ ಕೊಡುವ ದಿನ ಬಣ್ಣ ತಿಳಿಯಲೆಂದು ಕಿಟಕಿಗೆ ಗೋಣಿ ಇಳಿಬಿಟ್ಟಿದ್ದರು. ಉಳಿ ಅವರ ಇಕ್ಕಳದಲ್ಲಿತ್ತು.

"ಬಂತಾ?"

ಬಂದಿತ್ತು. ಗದ್ದೆ ಕೊಯ್ದ ಮೇಲಿನ ಹುಲ್ಲಿನಂತೆ, ಅಷ್ಟು ತಿಳಿಯಾಗಿ ಬಂದಿತ್ತು.

"ಇನ್ನಾ ಇಲ್ಲ, ಮಾವ."

ನಮ್ಮವರಲ್ಲಿ ಗಂಡನನ್ನು ಹಾಗೇ ಕರೆಯುವುದು. ಬೆಲ್ಲ ಬಂತು, ಬದನೆ ಬಂತು. ನವಿಲುಕೊರಳು ಬಂದಮೇಲೆ "ಈಗ" ಎಂದೆ. ಅವರು ಮುಳುಗಿಸಿದರು. ಸಾಣೆ ಹಿಡಿಯುವುದು ಯಾವಾಗಲೂ ನನ್ನ ಕೆಲಸ; ನೀಲಿ ಕಾಣದಂತೆ ಉಜ್ಜಿ ತೆಗೆದೆ.

ಲೇತಿನಲ್ಲಿ ಮೊದಲು ಸಿಂಬೆಸಿಂಬೆಯಾಗಿ ಚೂರು ಎದ್ದಿತು. ಆಮೇಲೆ ಕಿರುಚಿತು. ಉಳಿಯ ಬಾಯಿ ಮಡಿಚಿಹೋಗಿತ್ತು. ಮೊದಲಾಳಿ ಇನ್ನೊಂದು ಮಾಡಲು ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು — ನನ್ನ ಕಣ್ಣು ತಪ್ಪಿತು ಎಂದರೂ ಸಾಕಿತ್ತು. ಎರಡನೆಯದನ್ನು ಕಾಯಿಸುವ ಮೊದಲು ಅವರು ನನ್ನ ಮುಂದೆ ಬೆರಳು ಚಾಚಿ, "ನೋಡು, ನಡುಗ್ತಾವಾ?" ಎಂದು ಕೇಳಿದರು.

"ಇಲ್ಲ ಮಾವ."

"ಬಂತಾ?"

"ಇನ್ನಾ ಇಲ್ಲ."

ಎರಡನೆಯದೂ ಮಡಿಚಿಹೋಯಿತು. ಮೊದಲಾಳಿ ಎಲ್ಲರ ಮುಂದೆ ಅದನ್ನು ಹೆಬ್ಬೆರಳಿನಿಂದ ಸವರಿ, "ಏನ್ ಮೇಸ್ತ್ರಿ, ಬೆಣ್ಣೇಲ್ ಮಾಡಿದ್ಯಾ? ಏರ್ ಹಿಡ್ದ್ ಕೈಗೆ ಲೇತ್ ಉಳಿಯಾ? ಊರಿಗ್ ಹೋಗಿ ಕಡಲೆಕಾಯ್ ಕೀಳು!" ಎಂದ. ಚಕ್ರ ತಿರುಗಿಸುವವನೂ ನಕ್ಕ.

ಗಾಡಿಯಲ್ಲಿ ಊರಿಗೆ ಹೊರಟೆವು. ದಾರಿಯಲ್ಲಿ ಪೆರಿಯಕುಳದ ಮಾವಿನ ತೋಪಿನಲ್ಲಿ ಎತ್ತು ಬಿಚ್ಚಿದಾಗ ಅವರು ಎರಡೂ ಅಂಗೈ ಬಿಡಿಸಿಕೊಂಡು ಕೂತಿದ್ದರು. "ಕಣ್ಣು ನಿಂದು, ಅದು ಸರಿಯಾಗೇ ಇತ್ತು. ನನ್ ಕೈನೇ ಕೆಟ್ಟೋಯ್ತು ಕಣೇ." ನನ್ನ ಮೇಲೆ ಒಂದು ಚಿಟಿಕೆ ಅನುಮಾನವೂ ಇಲ್ಲ. ನಾನು ಬುತ್ತಿಯ ಗಂಟು ಬಿಚ್ಚಿ ಅವರ ಮುಂದಿಟ್ಟೆ.

ನೀರು ಬಂತು, ಗದ್ದೆಯಾಯಿತು, ನಿಮ್ಮ ಅಪ್ಪ ಹುಟ್ಟಿದ. ನಾನು ಸುಖವಾಗಿದ್ದೆ — ಇದನ್ನು ಮುಚ್ಚಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಆದರೆ ಊರವರು ಕುಡುಗೋಲು ಹದಕ್ಕೆ ತಂದಾಗಲೆಲ್ಲ ಅವರು ಮುಟ್ಟುತ್ತಿರಲಿಲ್ಲ. "ನನ್ ಕೈ ಬ್ಯಾಡ, ಕಬ್ಬಿಣ ಹಾಳಾಗ್ತದೆ" ಎಂದು ಹಿಂದೆ ಕಳಿಸುತ್ತಿದ್ದರು. ಮಕ್ಕಳ ತೊಟ್ಟಿಲಿಗೆ ಮೊಳೆ ಹೊಡೆಯಲೂ ಆಚಾರಿಯನ್ನು ಕರೆಸಿದರು.

ಕೊನೆಯ ದಿನಗಳಲ್ಲಿ ಅವರ ಹೆಬ್ಬೆರಳು ಕಂಬಳಿಯ ಅಂಚನ್ನು ಸವರುತ್ತಲೇ ಇತ್ತು, ಉಳಿಯ ಬಾಯಿ ನೋಡುವ ಹಾಗೆ. "ಮಾವ" ಎಂದೆ. "ಏನು?" ಎಂದರು. "ನೀರ್ ಬೇಕಾ?" ಎಂದು ಕೇಳಿದೆ.

ಮುತ್ತಯ್ಯ, ನೀನು ಹೋಗು. ಹೋಗುವ ಮೊದಲು ಇದನ್ನು ನಿನ್ನ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ನಾನು ಒಳಗೆ ಎದ್ದುಹೋಗುವುದಿಲ್ಲ, ಅಲ್ಲೇ ಕೂತಿರುತ್ತೇನೆ. ಆಮೇಲೆ, ಕೆಂಚಮ್ಮ, ಈ ಹಾಳೆಗಳನ್ನು ನೀನು ಜೋಪಾನ ಮಾಡು. ಅಜ್ಜಿಯ ಹೆಸರು ಕೆಡುತ್ತದೆಂದು ಯಾರಾದರೂ ಸುಡಲು ಹೇಳಿದರೆ ಕೊಡಬೇಡ. ನಿಮ್ಮ ತಾತ ಒಳ್ಳೆಯ ಕೆಲಸಗಾರರಾಗಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಎಲ್ಲಿಯೂ ಇಲ್ಲ.